ಬೂದಿ ತಾತನ ಸ್ನೇಹಿತರು

ಮನೆಯಿಂದ,
ಗುರುವಾರ, ಕೋರ್ಟು ಮುಗಿಸಿ ಬಂದ ಮೇಲೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮೊದಲು ಸೊಂಟದ ವಿಷಯ ಹೇಳು. ಎಂಜಿನ್ ಕೋಣೆಯ ಏಣಿ ಹತ್ತಿ ಇಳಿದು ಸೊಂಟ ಹಿಡಿದುಕೊಂಡಿದೆ ಎಂದು ಹಿಂದೊಮ್ಮೆ ಬರೆದಿದ್ದೆ, ಆಮೇಲೆ ಅದರ ಸುದ್ದಿಯೇ ಇಲ್ಲ. ವಾಸಿಯಾಗಿದ್ದರೆ ವಾಸಿಯಾಯಿತು ಎಂದು ಒಂದು ಸಾಲು ಬರೆದರೆ ನಿನ್ನ ಹಡಗೇನೂ ಮುಳುಗುವುದಿಲ್ಲ. ಊಟ ಸರಿಯಾಗಿ ಮಾಡುತ್ತಿದ್ದೀಯಾ? ಅಡುಗೆಯವನು ಎಲ್ಲದಕ್ಕೂ ಒಂದೇ ರುಚಿ ಬರಿಸುತ್ತಾನೆ ಎಂದು ಗೊಣಗಿದ್ದೆಯಲ್ಲ, ಚಿಕ್ಕಂದಿನಲ್ಲಿ ನನ್ನ ಅಡುಗೆಗೂ ಹಾಗೇ ಗೊಣಗುತ್ತಾ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದವನು ನೀನು. ಆದ್ದರಿಂದ ಆ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹೊಸ ಕನ್ನಡಕ ಬಂದಿದೆ, ಅದನ್ನು ಹಾಕಿಕೊಂಡರೆ ಜಡ್ಜ್ ಸಾಹೇಬರಿಗಿಂತ ನಾನೇ ಸಿಟ್ಟಿನವಳ ಹಾಗೆ ಕಾಣುತ್ತೇನಂತೆ. ನೀನು ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಎಂದು ಬಿಟ್ಟುಹೋದ ಬಚ್ಚಲಿನ ಸ್ವಿಚ್ಚನ್ನು ಕೊನೆಗೆ ಬೇರೆಯವರನ್ನು ಕರೆಸಿ ಸರಿಮಾಡಿಸಿದೆ. ಇಡೀ ಹಡಗಿಗೆ ಬೆಳಕು ಕೊಡುವ ಎಲೆಕ್ಟ್ರಿಷಿಯನ್ನಿನ ಅಕ್ಕ ಮೇಣದಬತ್ತಿ ಹಿಡಿದು ಸ್ನಾನಕ್ಕೆ ಹೋಗುತ್ತಾಳೆ ಎಂದು ಮೇಲಿನ ಮನೆಯವರು ಬಹಳ ದಿನ ನಕ್ಕರು.

ಫೋನು ಮಾಡದೆ ಪತ್ರ ಬರೆಯುತ್ತಿರುವುದಕ್ಕೆ ಕಾರಣ ನೀನೇ. ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಎನ್ನುತ್ತೀಯ. ನಡುವೆ ಗಾಳಿಯ ಸದ್ದು ಬರುತ್ತದೆ, ಆಮೇಲೆ ಲೈನು ಹೋಗುತ್ತದೆ. ಹೋಗುತ್ತದೋ, ನೀನು ಕಳುಹಿಸುತ್ತೀಯೋ ನನಗೆ ಗೊತ್ತಿಲ್ಲ. ಪತ್ರಕ್ಕೆ ಹೂಂ ಎನ್ನಲು ಬರುವುದಿಲ್ಲ, ಓದಲೇಬೇಕಾಗುತ್ತದೆ. ಏಜೆಂಟರ ಕಚೇರಿಗೆ ನಾಳೆ ಬೆಳಿಗ್ಗೆ ಕೊಟ್ಟರೆ ನಿಮ್ಮ ಹಡಗು ಮುಂದಿನ ಬಂದರು ಮುಟ್ಟುವ ಹೊತ್ತಿಗೆ ನಿನ್ನ ಕೈಸೇರುತ್ತದಂತೆ. ನನ್ನ ಕೆಲಸ ನಿನಗೆ ಗೊತ್ತಿರುವುದೇ. ಕೋರ್ಟಿನ ಸ್ಟೆನೋ ಆಗಿ ಇಷ್ಟು ವರ್ಷ ಜನ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಿದ್ದೇನೆ. ಅಳುತ್ತಾ ಹೇಳಿದ ಮಾತನ್ನೂ ಬರೆದುಕೊಳ್ಳುತ್ತೇನೆ, ಅಳುವನ್ನು ಬರೆದುಕೊಳ್ಳುವುದಿಲ್ಲ. ಇದನ್ನೂ ಹಾಗೇ ಬರೆಯಲು ನೋಡುತ್ತೇನೆ.

ನಿನ್ನ ಹೆಂಡತಿಯ ವಿಷಯ. ಮತ್ತೆ ಬೇಕರಿಗೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು, ಬಿಳಿ ಏಪ್ರನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಡುತ್ತಾಳೆ. ನೋಡಿದವರು ಎಲ್ಲ ಸರಿಹೋಯಿತು ಎಂದುಕೊಳ್ಳಬೇಕು, ಹಾಗಿರುತ್ತಾಳೆ. ಮೊದಲಿನ ಹಾಗೇ ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವ ಕೆಲಸ. ಮದುವೆಯ ಕೇಕು, ನಿವೃತ್ತಿಯ ಕೇಕು, ಅಂಗಡಿ ತೆರೆದದ್ದಕ್ಕೆ ಕೇಕು, ಎಲ್ಲವನ್ನೂ ಅವಳೇ ಬರೆಯುತ್ತಾಳೆ. ಮಕ್ಕಳ ಹುಟ್ಟುಹಬ್ಬದ ಕೇಕನ್ನು ಮಾತ್ರ ಬೇಕರಿ ಯಜಮಾನ ತಾನೇ ಒಳಗೆ ಎತ್ತಿಕೊಂಡು ಹೋಗಿ ಬರೆಯುತ್ತಾನೆ. ಆ ಮನುಷ್ಯನಿಗೆ ಹಿಟ್ಟು ನಾದಲು ಬರುತ್ತದೆಯೇ ಹೊರತು ಅಕ್ಷರ ಬರುವುದಿಲ್ಲ. ಒಂದು ಅಕ್ಷರ ಆಕಾಶ ನೋಡಿದರೆ ಇನ್ನೊಂದು ನೆಲ ನೋಡುತ್ತದೆ. ಹೋದ ವಾರ ಒಬ್ಬ ಗಿರಾಕಿ ಕೌಂಟರಿನ ಮೇಲೆ ಡಬ್ಬ ಕುಕ್ಕಿ, ಇದೇನ್ರೀ ಇರುವೆ ನಡೆದಾಡಿದ ಹಾಗಿದೆ ಎಂದು ಕೂಗಾಡಿದ. ನಾನು ಬ್ರೆಡ್ಡು ತರಲು ಹೋಗಿ ಅಲ್ಲೇ ನಿಂತಿದ್ದೆ. ಯಜಮಾನ ತಪ್ಪಾಯ್ತು ಸಾರ್ ಎಂದು ಅಷ್ಟೇ ಹೇಳಿ, ಮತ್ತೆ ಒಳಗೆ ಹೋಗಿ ತಾನೇ ಕೆರೆದು, ತಾನೇ ಇನ್ನೊಂದು ಸಲ ಅಷ್ಟೇ ಕೆಟ್ಟದಾಗಿ ಬರೆದುಕೊಟ್ಟ. ನಿನ್ನ ಹೆಂಡತಿ ಪಕ್ಕದ ಮೇಜಿನಲ್ಲೇ ಇದ್ದಳು. ಅವಳನ್ನು ಕರೆಯಲಿಲ್ಲ. ಹೀಗೆ ಮಾಡು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅವನೂ ಈ ಬಗ್ಗೆ ಯಾರ ಹತ್ತಿರವೂ ಮಾತನಾಡಿಲ್ಲ.

ಶನಿವಾರ ಸಂಜೆ ನಾನು ನಿಮ್ಮ ಮನೆಗೆ ಹೋಗಿ ಅವಳ ಜೊತೆ ಇರುತ್ತೇನೆ. ತೊಟ್ಟಿಲನ್ನು ಬಿಚ್ಚಿ ಬೀರುವಿನ ಹಿಂದೆ ನಿಲ್ಲಿಸಿದ್ದಾಳೆ. ಕಸ ಗುಡಿಸುವಾಗ ಅದರ ಕಾಲು ಪೊರಕೆಗೆ ತಗಲುತ್ತದೆ, ಪ್ರತಿ ಸಲವೂ ಅವಳ ಕೈ ಒಂದು ಕ್ಷಣ ನಿಲ್ಲುತ್ತದೆ. ಅಲ್ಲಿಂದ ತೆಗೆದು ನಮ್ಮ ಮನೆಯಲ್ಲಿ ಇಟ್ಟುಕೊಳ್ಳಲೇ ಎಂದು ಕೇಳಿದೆ. ಬೇಡ ಅಂದಳು. ಊಟ ಕಡಿಮೆಯಾಗಿದೆ. ಕೇಳಿದರೆ ಬೇಕರಿಯಲ್ಲಿ ಇಡೀ ದಿನ ವಾಸನೆ ಕುಡಿದು ಹೊಟ್ಟೆ ತುಂಬಿರುತ್ತದೆ ಎಂದು ನಗುತ್ತಾಳೆ. ನಗುವುದನ್ನು ಮರೆತಿಲ್ಲ, ಅದೊಂದು ಸಮಾಧಾನ.

ಈಗ ಬರೆಯಬೇಕಾದದ್ದಕ್ಕೆ ಬರುತ್ತೇನೆ. ನೀನು ಅವಳಿಗೆ ಬರೆದ ಪತ್ರವನ್ನು ಅವಳೇ ನನಗೆ ತೋರಿಸಿದಳು. ಪಾಸ್ಟರ್ ಹೇಳಿದ ಹಾಗೆ ಮಾಡು, ತಿಂಗಳ ಕೊನೆಯ ಭಾನುವಾರ ಸಭೆಯಲ್ಲಿ ಎದ್ದು ನಿಂತು ಹೇಳಿಬಿಡು, ಇಬ್ಬರಿಗೂ ಹಗುರವಾಗುತ್ತದೆ ಎಂದು ಬರೆದಿದ್ದೀಯ. ಆ ಭಾನುವಾರ ಜನ ಎದ್ದು ನಿಂತು ಮನಸ್ಸಿನಲ್ಲಿ ಇರುವುದನ್ನು ಹೇಳಿಕೊಳ್ಳುವ ರೂಢಿ ನಮ್ಮ ಸಭೆಯಲ್ಲಿ ಮೊದಲಿನಿಂದಲೂ ಇದೆ, ಅದರಲ್ಲಿ ನನಗೆ ತಕರಾರಿಲ್ಲ. ಕುಡಿತ ಬಿಟ್ಟವರು ಹೇಳಿದ್ದಾರೆ, ಅಣ್ಣತಮ್ಮಂದಿರು ರಾಜಿಯಾದದ್ದನ್ನು ಹೇಳಿದ್ದಾರೆ. ಆದರೆ ಇವಳು ಏನು ಹೇಳಬೇಕು? ನೀನು ಅದನ್ನು ಕೇಳಿದ್ದೀಯಾ? ನಾನು ಕೇಳಿದೆ. ಕ್ರೀಮಿನ ಕೊಳವೆಗಳನ್ನು ಬಿಸಿನೀರಿನಲ್ಲಿ ಒಂದೊಂದಾಗಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾ ಹೇಳಿದಳು. ಬಹಳ ಹುಡುಕಿದೆ ಅತ್ತಿಗೆ, ಒಂದೇ ಸಿಕ್ಕಿತು ಅಂದಳು. ನಿಮ್ಮ ಮಗು ಚುಕ್ಕಿ ಬಿಡದೆ ಅಳುತ್ತಿದ್ದ ಒಂದು ರಾತ್ರಿ, ನಿದ್ದೆಗೆಟ್ಟು ತಲೆ ಸಿಡಿಯುತ್ತಿದ್ದಾಗ, ಸ್ವಲ್ಪ ಹೊತ್ತಾದ್ರೂ ಸುಮ್ಮನಿರು ತಾಯೀ ಎಂದು ಮಗುವಿಗೆ ಗದರಿದ್ದಳಂತೆ. ಅಷ್ಟೇ. ಅದನ್ನು ಜನರೆಲ್ಲರ ಮುಂದೆ ಎದ್ದು ನಿಂತು ಹೇಳಬೇಕಂತೆ, ಅದಕ್ಕೇ ಮಗು ಸುಮ್ಮನಾಯಿತು ಎಂದು. ಅಳುವನ್ನು ಬರೆದುಕೊಳ್ಳುವುದಿಲ್ಲ ಎಂದೆನಲ್ಲ, ಅವಳು ಅಳಲಿಲ್ಲ.

ನೀನು ದೂರದಲ್ಲಿದ್ದೀಯ, ಕೆಲವು ಸಂಗತಿಗಳನ್ನು ನೆನಪಿಸುತ್ತೇನೆ. ಚುಕ್ಕಿ ಹುಟ್ಟಿದಾಗ ಅಂಗೈ ಮೇಲೆ ಇಟ್ಟುಕೊಳ್ಳುವಷ್ಟಿದ್ದಳು, ಅದಕ್ಕೇ ನೀನು ಆ ಹೆಸರಿಟ್ಟೆ. ಅವಳನ್ನು ಮೊದಲ ಸಲ ಸಭೆಗೆ ಕರೆದುಕೊಂಡು ಹೋದ ದಿನ ಪಾಸ್ಟರ್ ಬೈಬಲಿನ ಒಂದು ವಾಗ್ದಾನವನ್ನು ಅಚ್ಚು ಹಾಕಿದ ಕಾರ್ಡಿಗೆ ಕಟ್ಟು ಹಾಕಿಸಿ ಕೊಟ್ಟರು. ಆರಂಭ ಎಷ್ಟು ಚಿಕ್ಕದಾದರೂ ಕೊನೆ ತುಂಬ ದೊಡ್ಡದಾಗುತ್ತದೆ ಎಂಬರ್ಥದ ಸಾಲು, ಸುತ್ತ ಬಂಗಾರದ ಬಳ್ಳಿ. ಚಿಕ್ಕ ಮಗುವಿಗೆ ಎಷ್ಟು ಸರಿಹೊಂದುವ ಮಾತು ಎಂದು ಎಲ್ಲರೂ ಖುಷಿಪಟ್ಟೆವು. ನೀನೇ ಮೊಳೆ ಹೊಡೆದು ತೊಟ್ಟಿಲ ಮೇಲೆ ತೂಗುಹಾಕಿದೆ. ಹೆಬ್ಬೆರಳಿಗೂ ಹೊಡೆದುಕೊಂಡೆ. ಆಮೇಲೆ ನಡೆದದ್ದು ನಿನಗೆ ಗೊತ್ತು. ಹೃದಯದಲ್ಲಿ ಹುಟ್ಟುವಾಗಲೇ ತೂತಿತ್ತು, ಯಾರಿಂದಲೂ ಆದದ್ದಲ್ಲ, ಯಾರಿಂದಲೂ ತಪ್ಪಿಸಲು ಆಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು ನಮಗೆ ಬಿಡಿಸಿ ಹೇಳಿದರು. ಪಾಸ್ಟರ್ ಕೆಟ್ಟವರಲ್ಲ, ಅದನ್ನೂ ಬರೆಯಬೇಕು. ಆಸ್ಪತ್ರೆಯಲ್ಲಿ ನಮ್ಮ ಜೊತೆ ಬೆಳಗು ಮಾಡಿದರು. ಆ ಪುಟ್ಟ ಪೆಟ್ಟಿಗೆಯನ್ನು ನಿನ್ನ ಕೈಯಿಂದ ತೆಗೆದುಕೊಂಡು ತಾವೇ ಹೊತ್ತರು.

ತೊಂದರೆ ಶುರುವಾದದ್ದು ಆ ಕಾರ್ಡಿನಿಂದ. ಕೊಟ್ಟ ಮಾತು ಯಾಕೆ ನಡೆಯಲಿಲ್ಲ ಎಂದು ಯಾರೂ ಅವರನ್ನು ಕೇಳಿರಲಿಲ್ಲ, ಆದರೂ ಅವರಿಗೆ ಅದು ಕೊರೆಯುತ್ತಿತ್ತು ಅನಿಸುತ್ತದೆ. ಎರಡು ವಾರದ ಮೇಲೆ ಅದೇ ಅಧ್ಯಾಯ ತೆಗೆದು ಪ್ರಸಂಗ ಮಾಡಿದರು. ಕಾರ್ಡಿನಲ್ಲಿದ್ದ ಸಾಲಿನ ಮೇಲಿನ ಸಾಲಿನಲ್ಲಿ ಒಂದು 'ಆಗಿದ್ದರೆ' ಇದೆ ಎಂದರು. ನೀನು ಶುದ್ಧನಾಗಿದ್ದರೆ ಮಾತ್ರ ಅದೆಲ್ಲ. ಅದಕ್ಕೂ ಸ್ವಲ್ಪ ಮೇಲೆ, ಮಕ್ಕಳು ಪಾಪ ಮಾಡಿದ್ದರಿಂದಲೇ ಅಳಿದರು ಎಂಬ ಮಾತಿದೆ. ಹಾಲುಗಲ್ಲದ ಮಗುವಿಗೆ ಪಾಪ ಎಲ್ಲಿಂದ ಬರಬೇಕು, ಹಾಗಾದರೆ ಹೆತ್ತವರು ತಮ್ಮೊಳಗೆ ನೋಡಿಕೊಳ್ಳಬೇಕು ಎಂದರು. ದನಿ ಏರಿಸದೆ, ಅಕ್ಕರೆಯಿಂದಲೇ ಹೇಳಿದರು. ನೀನು ಬೆಂಚಿನ ತುದಿಯಲ್ಲಿ ಕೂತು ತಲೆಯಾಡಿಸಿದೆ. ನಿನ್ನ ಹೆಂಡತಿ ಪ್ರಸಂಗ ಕೇಳುತ್ತಿರಲಿಲ್ಲ, ನಿನ್ನ ತಲೆಯನ್ನೇ ನೋಡುತ್ತಿದ್ದಳು. ಆ ತಿಂಗಳೇ ನೀನು ಇನ್ನೊಂದು ಯಾನದ ಕೆಲಸಕ್ಕೆ ಸಹಿ ಹಾಕಿ ಹಡಗು ಹತ್ತಿದೆ.

ಕಾರ್ಡು ಈಗ ನನ್ನ ಹತ್ತಿರವಿದೆ. ಇಟ್ಟುಕೊಳ್ಳಲೂ ಆಗದೆ, ಎಸೆಯಲೂ ಆಗದೆ ಅವಳು ತಂದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಊಟದ ಮೇಜಿನ ಮೇಲೆ ಗೋಡೆಗೆ ಒರಗಿಸಿಟ್ಟೆ. ಊಟ ಮಾಡುತ್ತಾ ನೋಡುತ್ತಿದ್ದರೆ ಒಂದು ದಿನ ಕೈ ತಟ್ಟೆಯಲ್ಲೇ ನಿಂತಿತು. ಸಾಲಿದೆ, ಕೆಳಗೆ ಅಧ್ಯಾಯದ ಸಂಖ್ಯೆಯಿದೆ, ಹೇಳಿದವರು ಯಾರೆಂದು ಇಲ್ಲ. ನಮ್ಮ ಕಚೇರಿಯಲ್ಲಿ ಹಿಂದೆ ಒಂದು ಫಜೀತಿಯಾಗಿತ್ತು, ನಿನಗೆ ಹೇಳಿ ನಗಿಸಿದ್ದೆ, ನೆನಪಿದೆಯಾ? ನಾನು ರಜೆಯಲ್ಲಿದ್ದಾಗ ಬದಲಿಗೆ ಬಂದಾಕೆ ಮಾತುಗಳನ್ನೆಲ್ಲ ಅಚ್ಚುಕಟ್ಟಾಗಿ ಟೈಪು ಮಾಡಿ, ಯಾವ ಮಾತು ಯಾರದ್ದು ಎಂದು ಅಂಚಿನಲ್ಲಿ ಹಾಕುವುದನ್ನೇ ಬಿಟ್ಟಿದ್ದಳು. ಜಡ್ಜ್ ಸಾಹೇಬರು ಓದಿ, ಅಲ್ಲಮ್ಮಾ, ಇದರ ಪ್ರಕಾರ ಸೈಕಲ್ ಕದ್ದವನು ನಾನೇ ಅಂತಾಯ್ತಲ್ಲ ಎಂದರು. ಒಂದಕ್ಷರ ತಪ್ಪಿರಲಿಲ್ಲ. ಎಲ್ಲ ಸರಿಯಾಗಿತ್ತು, ಕಳ್ಳ ಮಾತ್ರ ಬದಲಾಗಿದ್ದ. ಕಾರ್ಡು ನೋಡಿ ನನಗೆ ನೆನಪಾದದ್ದು ಅದು. ತಟ್ಟೆ ಸರಿಸಿ, ಕೈ ತೊಳೆದು, ಸತ್ಯವೇದ ತೆಗೆದೆ.

ಅದು ಯಾರ ಕಥೆಯಲ್ಲಿ ಬರುತ್ತದೆ ಗೊತ್ತಾ? ನಮ್ಮ ಬೂದಿ ತಾತನದ್ದು. ಸಂಡೇ ಸ್ಕೂಲಿನ ಗೋಡೆಯ ಚಿತ್ರ ನೆನಪಿಸಿಕೋ, ಬೂದಿಯ ಗುಡ್ಡೆಯ ಮೇಲೆ ಕೂತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುವ ಗಡ್ಡದ ಮುದುಕ. ನೀನು ಅವನನ್ನು ನೋಡಿ ನೋಡಿ ನೀನೂ ಕೆರೆದುಕೊಳ್ಳುತ್ತಿದ್ದೆ, ಟೀಚರಮ್ಮ ನಿನ್ನನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದ್ದರು. ನಮಗೆ ಆ ಕಥೆಯ ಹಿಂದು ಮುಂದು ಮಾತ್ರ ಹೇಳಿಕೊಟ್ಟಿದ್ದರು. ಒಳ್ಳೆಯ ಮನುಷ್ಯ, ಎಲ್ಲ ಹೋಯಿತು, ಹತ್ತು ಮಕ್ಕಳೂ ಮನೆ ಕುಸಿದು ಸತ್ತರು, ಮೈತುಂಬ ಹುಣ್ಣಾಯಿತು, ಕೊನೆಗೆ ಎಲ್ಲ ಸರಿಹೋಯಿತು. ನಡುವೆ ಏನಿದೆ ಎಂದು ನಾನು ಈ ವಯಸ್ಸಿನಲ್ಲಿ, ಕೆಲವು ಸಂಜೆಗಳಲ್ಲಿ, ನನ್ನ ಕೆಲಸದ ರೀತಿಯಲ್ಲೇ ಓದಿದೆ, ಪ್ರತಿ ಮಾತಿಗೂ ಇದು ಯಾರದ್ದು ಎಂದು ಕೇಳಿಕೊಳ್ಳುತ್ತಾ. ಅದು ಬಹುಪಾಲು ವಾದ ಪ್ರತಿವಾದ ತಮ್ಮಾ. ಮೂವರು ಸ್ನೇಹಿತರು ಬರುತ್ತಾರೆ. ನಿನಗೆ ಹೀಗಾಗಿದೆ ಎಂದರೆ ನೀನೇನೋ ಮಾಡಿದ್ದೀಯ, ಒಪ್ಪಿಕೋ ಎಂದು ಒಬ್ಬರಾದ ಮೇಲೆ ಒಬ್ಬರು ಸುತ್ತಿ ಬಳಸಿ ಅದನ್ನೇ ಹೇಳುತ್ತಾರೆ. ಇವನು ನಾನೇನೂ ಮಾಡಿಲ್ಲ ಎನ್ನುತ್ತಾನೆ. ಕೊನೆಗೆ ದೇವರು ಮಾತನಾಡುತ್ತಾನೆ. ಮಾತು ಮುಗಿಸಿ, ಆ ಸ್ನೇಹಿತರ ಕಡೆ ತಿರುಗಿ, ನೀವು ನನ್ನ ಬಗ್ಗೆ ಹೇಳಿದ್ದು ಸರಿಯಲ್ಲ, ನಿಮ್ಮ ಮೇಲೆ ನನಗೆ ಕೋಪ ಬಂದಿದೆ ಎನ್ನುತ್ತಾನೆ. ತೊಟ್ಟಿಲ ಮೇಲೆ ತೂಗಿದ ಆ ಸಾಲು ಎರಡನೆಯ ಸ್ನೇಹಿತನದ್ದು. ಮಕ್ಕಳು ಪಾಪದಿಂದ ಅಳಿದರು ಎಂಬುದೂ ಅವನದ್ದೇ, ಹತ್ತು ಮಕ್ಕಳನ್ನು ಕಳೆದುಕೊಂಡ ತಂದೆಯ ಮುಖಕ್ಕೇ ಹೇಳಿದ್ದು. ದೇವರು ಸಿಟ್ಟಾಗಿ ತಳ್ಳಿಹಾಕಿದ ಮಾತನ್ನು ನಾವು ಬಂಗಾರದ ಬಳ್ಳಿ ಬಿಡಿಸಿ ಕಟ್ಟು ಹಾಕಿಸಿದ್ದೇವೆ. ಓದಿ ಮುಗಿಸಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಬಹಳ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಮರುದಿನ ಕೋರ್ಟು ಮುಗಿಸಿ ನೇರ ಪಾಸ್ಟರ ಹತ್ತಿರ ಹೋದೆ. ಆರಾಧನಾ ಮಂದಿರದ ಹಿಂದಿನ ಆ ಕೋಣೆ ನಿನಗೆ ಗೊತ್ತಲ್ಲ, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಸುತ್ತಿಟ್ಟ ಮೈಕಿನ ತಂತಿ, ಒಂದೇ ಕಡೆ ಗಾಳಿ ಬೀಸುವ ಫ್ಯಾನು. ಆ ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಟ್ಟರು. ನಾನು ಜಗಳಕ್ಕೆ ಹೋಗಿರಲಿಲ್ಲ, ಇದನ್ನು ಹೇಳಿದವರು ಯಾರು ಎಂದಷ್ಟೇ ಕೇಳಿದೆ. ಅಕ್ಕಾ, ಈ ಪುಸ್ತಕದಲ್ಲಿ ಇರೋದೆಲ್ಲ ದೇವರ ವಾಕ್ಯವೇ ಅಂದರು. ನಾನು ಅಂದೆ, ನಮ್ಮಲ್ಲಿ ಕಳ್ಳ ಹೇಳಿದ್ದನ್ನೂ ನಾನು ಸರಿಯಾಗೇ ಬರ್ಕೋತೀನಿ ಪಾಸ್ಟರ್, ಸರಿಯಾಗಿ ಬರ್ಕೊಂಡೆ ಅಂದ ಮಾತ್ರಕ್ಕೆ ಅವನು ಹೇಳಿದ್ದು ನಿಜ ಆಗಲ್ಲ. ಅವರು ತಮ್ಮ ಪ್ರತಿ ತೆಗೆದರು. ಕೆಂಪು ಶಾಯಿಯಲ್ಲಿ ಗೆರೆ ಎಳೆದ ಸಾಲುಗಳು. ಕೊನೆಯ ಅಧ್ಯಾಯದವರೆಗೆ ಹಾಳೆ ತಿರುವಿ, ಬೆರಳಿಟ್ಟು, ನಿಧಾನವಾಗಿ ಓದಿದರು. ಅಲ್ಲಿ ಗೆರೆಯಿರಲಿಲ್ಲ. ನಮ್ಮ ಗುರುಗಳು ಇದನ್ನ ಹೀಗೇ ಹೇಳ್ಕೊಟ್ಟಿದ್ರು ಎಂದರು. ಅವರ ಗುರುಗಳಿಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು. ಆಮೇಲೆ ಅವರು ಕೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಹಾಗಾದ್ರೆ ಆ ಮಗು ಯಾಕೆ ಹೋಯ್ತು ಅಕ್ಕಾ ಎಂದರು. ನನಗೆ ಬುದ್ಧಿ ಹೇಳುವ ದನಿಯಲ್ಲ, ನಿಜಕ್ಕೂ ಕೇಳಿದರು. ಆ ಪೆಟ್ಟಿಗೆಯ ಭಾರ ಅವರ ಕೈಯಿಂದಲೂ ಇಳಿದಿಲ್ಲ ಎಂದು ಆಗ ಗೊತ್ತಾಯಿತು. ಗೊತ್ತಿಲ್ಲ ಅಂದೆ. ಕೋರ್ಟಿನಲ್ಲಿ ಗೊತ್ತಿಲ್ಲ ಎಂಬುದೂ ಒಂದು ಉತ್ತರ, ಅದನ್ನೂ ನಾನು ಟೈಪು ಮಾಡುತ್ತೇನೆ. ಅದರ ಜಾಗದಲ್ಲಿ ಬೇರೇನನ್ನೋ ತುಂಬಿಸಿದರೆ ನನ್ನ ಕೆಲಸ ಹೋಗುತ್ತದೆ. ಅವರು ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ, ಒಪ್ಪಲಿಲ್ಲ ಎಂದು ಬರೆದರೂ ಸುಳ್ಳೇ. ಯೋಚಿಸಬೇಕು ಎಂದರು. ನಿನ್ನ ಹೆಂಡತಿಗೆ ನಿಲ್ಲಲೇಬೇಕೆಂದು ಒತ್ತಾಯಿಸುವುದಿಲ್ಲ, ಅವಳಾಗಿ ನಿಂತರೆ ತಡೆಯುವುದೂ ಇಲ್ಲ ಎಂದರು.

ನಾನು ಸಭೆ ಬಿಡುತ್ತೇನೆ ಎಂದುಕೊಳ್ಳಬೇಡ, ಈ ಭಾನುವಾರವೂ ಅದೇ ಬೆಂಚಿನಲ್ಲಿ ಕೂರುತ್ತೇನೆ. ನನ್ನ ಧ್ವನಿ ಕರ್ಕಶವಾದರೂ ಹಾಡುತ್ತೇನೆ. ಆದರೆ ಪ್ರಸಂಗ ಕೇಳಿ ಮನೆಗೆ ಬಂದು, ಚಪ್ಪಲಿ ಬಿಟ್ಟು, ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದುವುದನ್ನು ಈಗ ಅಭ್ಯಾಸ ಮಾಡಿಕೊಂಡಿದ್ದೇನೆ. ಇದು ಅಹಂಕಾರವಾಯಿತೇ ಎಂದು ನನಗೂ ಅಳುಕಿತ್ತು. ಅದೇ ಸತ್ಯವೇದದಲ್ಲಿ ಒಂದು ಊರಿನವರ ಸುದ್ದಿ ಬರುತ್ತದೆ. ದೇವರು ಕಳುಹಿಸಿದ ಅಪೊಸ್ತಲನೇ ಬಂದು ಬೋಧಿಸಿದರೂ ಅವರು ದಿನಾ ಕೂತು ವಾಕ್ಯ ತೆಗೆದು, ಇವನು ಹೇಳುವುದು ಹೌದೋ ಅಲ್ಲವೋ ಎಂದು ನೋಡುತ್ತಿದ್ದರಂತೆ. ಅವರನ್ನು ಬೈದು ಬರೆದಿಲ್ಲ, ಹೊಗಳಿ ಬರೆದಿದೆ. ನಿನ್ನನ್ನೇ ತೆಗೆದುಕೋ. ಕರೆಂಟು ತೆಗೆದಾಗಿದೆ ಎಂದು ಕ್ಯಾಪ್ಟನ್ನೇ ಬಂದು ಹೇಳಿದರೂ ಟೆಸ್ಟರ್ ಇಟ್ಟು ನೋಡದೆ ನೀನು ತಂತಿ ಮುಟ್ಟುವುದಿಲ್ಲ. ಕ್ಯಾಪ್ಟನ್ನಿನ ಮೇಲೆ ನಂಬಿಕೆಯಿಲ್ಲ ಎಂದು ಅದರ ಅರ್ಥವಲ್ಲ, ತಂತಿ ಹಿಡಿಯುವುದು ನಿನ್ನ ಕೈ ಎಂದು ಅರ್ಥ. ಅಷ್ಟು ಜಾಗರೂಕನಾದವನು ಹೆಂಡತಿಯ ವಿಷಯದಲ್ಲಿ ಯಾರೋ ಹೇಳಿದ್ದನ್ನು ಕಣ್ಣು ಮುಚ್ಚಿ ಒಪ್ಪಿಕೊಂಡೆಯಲ್ಲ, ನನಗೆ ಅದೇ ಅರಗುತ್ತಿಲ್ಲ.

ಇದನ್ನೆಲ್ಲ ಅವಳಿಗೂ ಹೇಳಿದೆ. ಅಧ್ಯಾಯ ತೆಗೆದು ತೋರಿಸಿದೆ. ಹಾರಿ ಬಂದು ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆನೋ ಏನೋ. ಅವಳು ಕೇಳಿಸಿಕೊಂಡು, ಏಪ್ರನ್ನಿಗೆ ಕೈ ಒರೆಸಿಕೊಂಡು, ನೀವು ಹೇಳೋದು ಸರಿ ಇರಬಹುದು ಅತ್ತಿಗೆ, ಆದ್ರೆ ಅವರು ಆವತ್ತು ತಲೆ ಆಡಿಸಿದ್ರಲ್ಲ ಎಂದಳು. ವಾದದಲ್ಲಿ ಗೆದ್ದು ಮನೆಗೆ ಬಂದೆ, ಕೈಯಲ್ಲಿ ಏನೂ ಇರಲಿಲ್ಲ. ಅವಳಿಗೆ ಪಾಸ್ಟರ ಮಾತು ಕಾಡುತ್ತಿಲ್ಲ, ಎರಡನೆಯ ಸ್ನೇಹಿತನ ಮಾತೂ ಕಾಡುತ್ತಿಲ್ಲ. ನಿನ್ನ ತಲೆ ಕಾಡುತ್ತಿದೆ. ಅವಳಿಂದಲೇ ಮಗು ಹೋಯಿತೆಂದು ನೀನು ನಂಬಿ ಹಡಗು ಹತ್ತಿದೆ ಎಂದು ಅವಳು ತಿಳಿದಿದ್ದಾಳೆ. ನನಗೆ ಅನುಮಾನ ಬೇರೆಯೇ. ನೀನು ಹುಡುಕಿದ್ದು ನಿನ್ನ ಪಾಪವನ್ನು, ಅದೇನೆಂದು ನಾನು ಕೇಳುವುದಿಲ್ಲ. ಅವಳೂ ಹುಡುಕುತ್ತಿದ್ದಾಳೆ, ನೀನೂ ಹುಡುಕುತ್ತಿದ್ದೀಯ, ನಡುವೆ ಒಂದು ಸಮುದ್ರ. ಇಬ್ಬರೂ ಹುಡುಕುವುದನ್ನು ಬಿಡಿ. ಆ ಮಗುವಿನ ಹೃದಯದಲ್ಲಿ ತೂತಿತ್ತು. ಅದು ಯಾಕೆ ಇತ್ತು ಎಂದು ನನಗೂ ಗೊತ್ತಿಲ್ಲ, ಪಾಸ್ಟರಿಗೂ ಗೊತ್ತಿಲ್ಲ, ಬೂದಿ ತಾತನಿಗೂ ಕೊನೆಯವರೆಗೆ ಯಾರೂ ಹೇಳಲಿಲ್ಲ.

ಆದ್ದರಿಂದ ತಕ್ಷಣ ಅವಳಿಗೊಂದು ಪತ್ರ ಹಾಕು, ಎದ್ದು ನಿಲ್ಲು ಎಂದು ಬರೆದ ಮಾತನ್ನು ಹಿಂದಕ್ಕೆ ತೆಗೆದುಕೋ. ಕೊನೆಯ ಭಾನುವಾರಕ್ಕೆ ಇನ್ನು ಬಹಳ ದಿನವಿಲ್ಲ. ಸೊಂಟ ನೋಡಿಕೋ. ಭಾರ ಎತ್ತುವಾಗ ಮಂಡಿ ಬಗ್ಗಿಸು, ಬೆನ್ನು ಬಗ್ಗಿಸಬೇಡ. ನಿನಗೆ ಒಳ್ಳೆಯ ಹವೆ ಸಿಗಲಿ, ಒಳ್ಳೆಯ ನಿದ್ದೆ ಬರಲಿ, ನೀನಿರುವ ನೀರಿನ ಮೇಲೆಲ್ಲ ದೇವರ ಕೈಯಿರಲಿ. ಮೇಲಿನ ಮನೆಯವರು ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ, ಸ್ವಿಚ್ಚಿನ ಸುದ್ದಿಯನ್ನೂ ಬರೆಯಲು ಹೇಳಿದ್ದರು, ಬರೆದಾಯಿತು.

ನಿನ್ನ ಗೊಣಗಾಟ ಕೇಳದೆ ಮನೆ ಬಿಕೋ ಎನ್ನುತ್ತಿರುವ
ಅಕ್ಕ

ಮರೆಯುವ ಮುಂಚೆ: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅವಳು ಬಂದಳು, ಬೇಕರಿಯಿಂದ ನೇರ, ರೆಪ್ಪೆಯ ಮೇಲೆಲ್ಲ ಹಿಟ್ಟು. ಹೋದ ವಾರ ನನ್ನ ಸತ್ಯವೇದವನ್ನು ಒಯ್ದಿದ್ದಳು, ತಿರುಗಿ ಕೊಡಲು ಬಂದಿದ್ದಳು. ಬೂದಿ ತಾತನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದಾಳೆ. ಬಾಗಿಲಲ್ಲೇ ನಿಂತು ಕೇಳಿದಳು: ಅತ್ತಿಗೆ, ಆ ಹತ್ತು ಮಕ್ಕಳಿಗೂ ಒಬ್ಬಳು ತಾಯಿ ಇದ್ದಳಲ್ಲ, ಅವಳ ಹತ್ರ ಯಾರು ಬಂದು ಕೂತರು? ಇಷ್ಟು ಹುಷಾರಾಗಿ ಓದಿದ ನನ್ನ ಕಣ್ಣಿಗೆ ಆ ಹೆಂಗಸು ಬಿದ್ದೇ ಇರಲಿಲ್ಲ ತಮ್ಮಾ. ಇದ್ದಾಳೆ, ಮತ್ತೆ ತೆಗೆದು ನೋಡಿದೆ. ಗಂಡನಿಗೆ ಒಂದೇ ಒಂದು ಮಾತಾಡುತ್ತಾಳೆ, ಅದಕ್ಕೂ ಅವನಿಂದ ಬೈಸಿಕೊಳ್ಳುತ್ತಾಳೆ, ಆಮೇಲೆ ಅವಳ ಸುದ್ದಿಯಿಲ್ಲ. ಸ್ನೇಹಿತರು ಬಂದದ್ದೆಲ್ಲ ಅವನಿಗೆ. ಅವಳ ಹತ್ತಿರ ಯಾರೂ ಬರಲಿಲ್ಲ. ಕೊನೆಯ ಭಾನುವಾರ ಏನು ಮಾಡುತ್ತೀಯ ಎಂದು ಕೇಳಿದೆ. ನಿಮ್ಮ ತಮ್ಮ ಬಂದು ಪಕ್ಕದಲ್ಲಿ ಕೂತಿದ್ರೆ ನಾನು ಎದ್ದು ನಿಲ್ಲಬೇಕಾಗಿಯೇ ಇರ್ಲಿಲ್ಲ ಎಂದಳು. ಹೀಗಾಗಿ ಮೇಲೆ ಪತ್ರ ಹಾಕು ಎಂದದ್ದನ್ನು ಹೊಡೆದುಹಾಕು. ಪತ್ರ ಬೇಡ. ಮುಂದಿನ ಬಂದರಿನಲ್ಲಿ ಕ್ಯಾಪ್ಟನ್ನನ್ನು ಕೇಳಿ ಇಳಿದುಬಿಡು, ಇಳಿದು ಬಾ. ಅವಳಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಳ್ಳಬೇಡ. ಆ ಸ್ನೇಹಿತರು ಬಾಯಿ ತೆರೆಯುವ ಮೊದಲು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದರು, ಇಡೀ ಕಥೆಯಲ್ಲಿ ಅವರು ತಪ್ಪು ಮಾಡದೆ ಇದ್ದದ್ದು ಆಗ ಮಾತ್ರ. ನೀನೂ ಬಂದು ಅಷ್ಟು ಮಾಡು. ನೀನು ಬರುವವರೆಗೆ ನಾನು ಅವಳ ಹತ್ತಿರ ಕೂತಿರುತ್ತೇನೆ.